ಆಕ್ಸಲ್ ಮೇಲಿನ ಖಾಲಿ ಜಾಗ

ನಿಂತ ಲಾರಿಯ ಹೊಟ್ಟೆ ಬೇರೆ, ಓಡುವ ಲಾರಿಯ ಹೊಟ್ಟೆ ಬೇರೆ. ನಲವತ್ತೊಂದು ವರ್ಷ ಲಾರಿಗಳ ಕೆಳಗೆ ಅಂಗಾತ ಮಲಗಿ ನಾನು ಕಲಿತದ್ದನ್ನೆಲ್ಲ ಹಿಂಡಿದರೆ ಕೊನೆಗೆ ತೊಟ್ಟಿಕ್ಕುವುದು ಇಷ್ಟೇ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನಿಗೆ ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಕಾಗಲೂ ಇಲ್ಲ.

ನಮ್ಮ ಗ್ಯಾರೇಜಿಗೆ ಬರುವುದು ರಸ್ತೆ ಇಲ್ಲದ ಕಡೆ ಓಡಾಡುವ ಎತ್ತರದ ಲಾರಿಗಳು. ಕಲ್ಲುಗಣಿಗೆ, ಬೋರು ಕೊರೆಯುವ ಕ್ಯಾಂಪಿಗೆ ಹೋಗುವಂಥವು. ಮೇಲಿನ ಜಾಗವನ್ನೆಲ್ಲ ಸರಕು ತಿಂದಿರುತ್ತದೆ. ನೀರಿನ ಟ್ಯಾಂಕಿಗೋ, ಸ್ಪ್ಯಾನರ್ ಪೆಟ್ಟಿಗೆಗೋ ಜಾಗ ಬೇಕಾದಾಗ ಮಾಲೀಕರು ನಮ್ಮಲ್ಲಿಗೆ ಬಂದು, "ಅಡಿಯಲ್ಲಿ ಎಲ್ಲಾದ್ರೂ ಸೇರಿಸಿ ಕೊಡ್ರಪ್ಪ" ಅನ್ನುತ್ತಾರೆ. ನಾವು ಕೆಳಗೆ ತೂರಿ ನೋಡುತ್ತೇವೆ. ಗೇರ್‌ಬಾಕ್ಸಿನ ಎಡಕ್ಕೆ ಒಂದು ಟ್ಯಾಂಕು ಕೂರುತ್ತದೆ. ಹತ್ತುವ ಮೆಟ್ಟಿಲ ಹಿಂದೆ ಒಂದು ಪೆಟ್ಟಿಗೆ. ಇವೆಲ್ಲಕ್ಕಿಂತ ದೊಡ್ಡ ಜಾಗ ಇರುವುದು ಚಾಸಿಯ ಎರಡು ತೊಲೆಗಳ ನಡುವೆ, ಹಿಂದಿನ ಆಕ್ಸಲ್ಲಿನ ಮೇಲೆ. ತೊಟ್ಟಿಲು ಕಟ್ಟಿ ಮಗು ತೂಗಬಹುದು, ಅಷ್ಟು ಅಗಲ.

ಆ ಜಾಗ ಖಾಲಿಯಲ್ಲ. ಚಕ್ರ ಕಲ್ಲು ಹತ್ತಿದಾಗ, ಹಳ್ಳಕ್ಕೆ ಧುಮುಕಿದಾಗ, ಆಕ್ಸಲ್ಲು ತನ್ನ ಕುಂಬಳಕಾಯಿಯಂಥ ಗುಂಡಿನ ಸಮೇತ ಮೇಲೆದ್ದು ಅಲ್ಲಿಗೆ ಬರುತ್ತದೆ. ಅದು ಬಂದು ಹೋಗಲಿ ಅಂತ ಬಿಟ್ಟ ಜಾಗ ಅದು. ಮನೆಯಲ್ಲಿ ಯಜಮಾನನ ಕುರ್ಚಿ ಹಗಲೆಲ್ಲ ಖಾಲಿ ಇದ್ದರೂ ಯಾರೂ ಕೂರುವುದಿಲ್ಲವಲ್ಲ, ಹಾಗೆ.

ಎಷ್ಟು ಮೇಲೆ ಬರುತ್ತದೆ ಎಂದು ತಿಳಿಯಲು ನನ್ನದೊಂದು ದಾರಿ ಇತ್ತು. ಜೇಡಿಮಣ್ಣು ನಾದಿ, ಮುದ್ದೆ ಮಾಡಿ, ಆಕ್ಸಲ್ಲಿನ ಗುಂಡಿನ ಮೇಲೆ ಎತ್ತರವಾಗಿ ನಿಲ್ಲಿಸುವುದು. ಮೇಲೆ ತೊಲೆಯಿಂದ ತೊಲೆಗೆ ಒಂದು ಹಲಗೆ ಕಟ್ಟುವುದು. ಲಾರಿಗೆ ಪೂರ್ತಿ ಭಾರ ಹೇರಿ ಹಿಂದಿನ ಗೇಟಿನಾಚೆ ಇರುವ ಕಾಲುವೆ ದಾಟಿಸಿ ತರುವುದು. ಚಪ್ಪಟೆಯಾಗಿ ಎಷ್ಟು ಮಣ್ಣು ಉಳಿದಿದೆಯೋ ಅಷ್ಟೇ ನಿಜವಾದ ಜಾಗ, ಮಿಕ್ಕದ್ದೆಲ್ಲ ಕಣ್ಣಿಗೆ ಕಾಣುವ ಸುಳ್ಳು. ಹಸಿ ಬಟ್ಟೆ ಸುತ್ತಿದ ಜೇಡಿಮಣ್ಣಿನ ಡಬ್ಬಿ ಯಾವಾಗಲೂ ನನ್ನ ಕಪಾಟಿನ ಮೇಲೆ ಇರುತ್ತಿತ್ತು.

ಹೊಸಬರಿಗೆ ಇದನ್ನು ಯಾರೂ ಹೇಳಬಾರದು. ಅದು ನಮ್ಮ ಗ್ಯಾರೇಜಿನ ಕಟ್ಟಳೆ. ಹಳೇ ಮೇಸ್ತ್ರಿಯ ಕಾಲದಿಂದ ಬಂದದ್ದು. ಹೊಸಬನನ್ನು ಲಾರಿಯ ಕೆಳಗೆ ಕಳಿಸಿ, "ಆಕ್ಸಲ್ ಮೇಲೆ ಒಂದು ಪೆಟ್ಟಿಗೆ ಮಾಡಪ್ಪ" ಅನ್ನುವುದು. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿರುತ್ತೇವೆ, ಚಕ್ರ ಜೋತಾಡುತ್ತಿರುತ್ತದೆ, ಜಾಗ ಧಾರಾಳವಾಗಿ ಕಾಣುತ್ತದೆ. ಅವನು ಅಳೆಯುತ್ತಾನೆ, ಕತ್ತರಿಸುತ್ತಾನೆ, ಬೆಸೆಯುತ್ತಾನೆ. ಪೆಟ್ಟಿಗೆಯಲ್ಲಿ ಅವನ ಊಟದ ಡಬ್ಬಿಯನ್ನೇ ಇಡಿಸುತ್ತೇವೆ. ಕಾಲುವೆ ದಾಟುವಾಗ ಎಲ್ಲರೂ ಟೀ ಹಿಡಿದು ಸಾಲಾಗಿ ನಿಲ್ಲುತ್ತೇವೆ. ಇದಕ್ಕೆ ಹೊಟ್ಟೆ ಪಾಠ ಅಂತ ಹೆಸರು.

ನನಗೂ ಆಗಿತ್ತು. ನನ್ನ ಡಬ್ಬಿ ತಟ್ಟೆಯಾಗಿ ಬಂತು. ಮೇಸ್ತ್ರಿ ಬಗ್ಗಿ, "ಉಣ್ಣು, ತಟ್ಟೆ ಬೇರೆ ಹುಡುಕೋದು ತಪ್ಪಿತು" ಅಂದರು. ತಗಡು ಬಿಡಿಸಿ, ಅಂಟಿದ್ದನ್ನು ಬೆರಳಿಂದ ಕೆರೆದು ಉಂಡೆ. ಅವತ್ತು ನಕ್ಕವರು ಒಂಬತ್ತು ಜನ. ಯಾರು ಎಲ್ಲಿ ನಿಂತಿದ್ದರು ಅಂತ ಈಗಲೂ ಹೇಳಬಲ್ಲೆ.

ಎರಡು ವರ್ಷದ ಮೇಲೆ ನನ್ನ ತಮ್ಮ ಕೆಲಸಕ್ಕೆ ಸೇರಿದ. ಒಡಹುಟ್ಟಿದವನಲ್ಲವೇ, ಹಿಂದಿನ ದಿನವೇ ಕಿವಿಯಲ್ಲಿ ಹೇಳಿಕೊಟ್ಟೆ. ಮಾರನೆ ದಿನ ಅವನು ಲಾರಿಯ ಕೆಳಗೆ ಐದು ನಿಮಿಷ ಇದ್ದು ಎದ್ದು ಬಂದು, "ಇಲ್ಲಿ ಪೆಟ್ಟಿಗೆ ಕೂರಲ್ಲ ಮೇಸ್ತ್ರಿ, ಆಕ್ಸಲ್ ಮೇಲೆ ಬರುತ್ತೆ" ಅಂದ. ಮೇಸ್ತ್ರಿ ಬೆರಗಾಗಿ ಅವನ ಬೆನ್ನು ತಟ್ಟಿದರು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಅಂದರು. ಆ ಬೆನ್ನು ತಟ್ಟಿದ ಕೈ ಆಮೇಲೆ ಅವನ ಬೆನ್ನು ಬಿಡಲೇ ಇಲ್ಲ. ಮೇಸ್ತ್ರಿಗೆ ಮಕ್ಕಳಿರಲಿಲ್ಲ, ಗ್ಯಾರೇಜು ತಮ್ಮನ ಪಾಲಾಯಿತು. ಒಂದು ಸಲ ಬಾಯಿ ಬಿಟ್ಟದ್ದಕ್ಕೆ ತಮ್ಮ ಧಣಿಯಾದ, ನಾನು ಅವನ ವೆಲ್ಡರ್ ಆದೆ. ಅಲ್ಲಿಂದ ಮುಂದೆ ಬಾಯಿ ಬಿಡುವುದನ್ನೇ ಬಿಟ್ಟೆ. ಜನ ನನ್ನನ್ನು ಸಾಧು ಅಂದರು. ಸುಮ್ಮನಿರುವವರನ್ನೆಲ್ಲ ಸಾಧು ಅನ್ನುವುದು ಜನರ ಅಭ್ಯಾಸ.

ನನಗೆ ಮದುವೆಯಾಗಲಿಲ್ಲ. ಗ್ಯಾರೇಜಿನ ಹಿಂದಿನ ಕೋಣೆಯೇ ಮನೆ. ತಮ್ಮನ ಹೆಂಡತಿ ಹೆರಿಗೆಯಲ್ಲಿ ಹೋದಳು. ಉಳಿದ ಹೆಣ್ಣುಮಗು ಗ್ರೀಸಿನ ಡಬ್ಬಗಳ ನಡುವೆ, ನನ್ನ ಮಂಚದ ಮೇಲೆ ಬೆಳೆಯಿತು. ಹತ್ತು ಗಂಟೆಗೆ ಟೀ ತರುವುದು, ಪಕ್ಕ ಕೂತು ಪೇಪರ್ ಓದಿ ಹೇಳುವುದು, ಅದೂ ಹುಡುಗಾಟ ಮಾಡುತ್ತ, ಇಲ್ಲದ ಸುದ್ದಿ ಸೇರಿಸಿ ಓದುವುದು. "ದೊಡ್ಡಪ್ಪ, ನಿನ್ನ ಫೋಟೋ ಬಂದಿದೆ ನೋಡು, ಕಳ್ಳ ಸಿಕ್ಕಿದ ಅಂತ" ಅನ್ನುವಳು. ನನ್ನ ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಆ ಅರ್ಧ ಗಂಟೆ.

ಅವಳಿಗೆ ಸಿಕ್ಕ ಗಂಡ ಗಡಿಯಾರ ರಿಪೇರಿಯವನು. ಅವನ ಅಂಗಡಿಯಿದ್ದ ಓಣಿಯನ್ನು ರಸ್ತೆ ಅಗಲ ಮಾಡಲು ಒಡೆದು ಹಾಕಿದರು. ಬೇರೆ ಅಂಗಡಿ ಸಿಗುವವರೆಗೆ ಅಂತ ಮಾವನ ಮನೆಗೆ ಬಂದವನು, ಗ್ಯಾರೇಜಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಒಂದೂವರೆ ವರ್ಷ ಉಳಿದ. ತೆಳ್ಳನೆ ಬೆರಳು, ಮೆಲ್ಲನೆ ಮಾತು. ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಗಡಿಯಾರ ಅಂತಲೇ ಕರೆದರು. ಸುತ್ತಿಗೆ ಎತ್ತಿದರೆ, "ನಿಧಾನ, ಮುಳ್ಳು ಬಿದ್ದೋದಾವು" ಅನ್ನುವರು. ನಮ್ಮ ಡ್ರೈವರ್ ಕೆಮ್ಮಣ್ಣ, ಸದಾ ಕೆಮ್ಮುವವನು, ದಿನಾ ಬೆಳಿಗ್ಗೆ, "ಗಡಿಯಾರದೋರೇ, ಟೈಮೆಷ್ಟು? ಮಾವನ ಮನೆ ಊಟದ ಟೈಮಾಯ್ತಾ?" ಅಂತ ಕೇಳಿಯೇ ಲಾರಿ ಹತ್ತುತ್ತಿದ್ದ. ನನ್ನ ತಮ್ಮ ಕುರ್ಚಿಯಲ್ಲಿ ಕೂತು ನಗುವನು. ಅಳಿಯ ತಲೆ ತಗ್ಗಿಸಿ ತಿರುಪು ಬಿಗಿಯುತ್ತಿದ್ದ. ನನ್ನನ್ನು ಮಾತ್ರ ಕರೆಯುವಾಗ ಎದ್ದು ನಿಂತು, "ದೊಡ್ಡ ಮಾವ" ಅನ್ನುತ್ತಿದ್ದ.

ಅವನಲ್ಲಿ ಉಳಿದಿದ್ದ ಆಸ್ತಿ ಒಂದೇ, ಅವನ ಅಪ್ಪನ ಲೇತು. ಮೊಳದುದ್ದದ್ದು. ಗಡಿಯಾರದ ಕೂದಲಿನಂಥ ಕಡ್ಡಿಗಳನ್ನು ಕಡೆಯುವಂಥದ್ದು. ಬೀಡು ಕಬ್ಬಿಣದ ಹಾಸು, ಅದಕ್ಕೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮೂರು ಡ್ರಾಯರು, ಡ್ರಾಯರುಗಳ ತುಂಬ ಇರುವೆಯಷ್ಟು ಸಣ್ಣ ಸಾಮಾನು. ಅಂಥದ್ದು ಈಗ ಯಾರೂ ಮಾಡುವುದಿಲ್ಲವಂತೆ. ಭಾನುವಾರ ಅದನ್ನು ಬಿಚ್ಚಿ, ಎಣ್ಣೆ ಒರೆಸಿ ಮತ್ತೆ ಮುಚ್ಚಿಡುವನು. ಅದು ಇದ್ದರೆ ಎಲ್ಲಿ ಕೂತರೂ ಅನ್ನ. ಇಲ್ಲದಿದ್ದರೆ ಮಾವನ ಗ್ಯಾರೇಜೇ ಗತಿ. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಅವನು ಹೇಳಿದ. "ಮಾವ, ಗಣಿ ದಾಟಿದ ಮೇಲಿನ ಊರಲ್ಲಿ ಅಂಗಡಿ ಸಿಕ್ತು. ಹಿಂದೆ ಎರಡು ಕೋಣೆ ಇದೆ. ಬರೋ ಸೋಮವಾರ ನಾವಿಬ್ರೂ ಹೊರಡ್ತೀವಿ."

ನನ್ನ ತಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಮಗಳನ್ನು ನೋಡಿದ. ಅವಳು ಹೌದು ಎಂದು ತಲೆಯಾಡಿಸಿದಳು. ಮುಖದ ತುಂಬ ನಗು. ಆ ನಗು ನೋಡಿ ನನ್ನ ಕೈಯೂ ನಿಂತಿತು, ಅದನ್ನು ಯಾರೂ ಗಮನಿಸಲಿಲ್ಲ.

"ಭೇಷ್ ಅಳಿಯಂದ್ರೇ!" ತಮ್ಮ ನಕ್ಕ. "ಸೋಮವಾರ ನಮ್ಮ ಲಾರಿನೂ ಆ ಕಡೆಗೇ ಪೈಪು ಹೊತ್ಕೊಂಡು ಹೋಗ್ತಿದೆ. ಅದ್ರಲ್ಲೇ ಹೋಗಿ."

"ಲೇತು?"

"ಮೇಲೆ ಪೈಪಿನ ಜೊತೆ ಇಟ್ರೆ ಪುಡಿಪುಡಿ. ಕ್ಯಾಬಿನ್ನಲ್ಲಿ ಡ್ರೈವರ್ ಸೇರಿ ನೀವು ಮೂರು ಜನ."

"ನನ್ನ ಮಡಿಲಲ್ಲಿ ಇಟ್ಕೋತೀನಿ" ಎಂದಳು ಮಗಳು.

"ಹತ್ತು ಗಂಟೆ ದಾರಿ ಕಣೇ. ಇಳಿಯೋ ಹೊತ್ತಿಗೆ ತೊಡೆ ಇರಲ್ಲ." ತಮ್ಮ ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಆಮೇಲೆ ಹೇಳಿದ. "ಅಳಿಯಂದ್ರು ಒಂದೂವರೆ ವರ್ಷ ನಮ್ಮಲ್ಲಿ ಕೆಲಸ ನೋಡಿದಾರೆ. ಒಂದು ಪೆಟ್ಟಿಗೆ ಅವರೇ ಮಾಡ್ಕೊಳ್ಳಲಿ. ಆಕ್ಸಲ್ ಮೇಲೆ ಅಷ್ಟು ಜಾಗ ಖಾಲಿ ಬಿದ್ದಿದೆಯಲ್ಲ."

ಹೇಳಿ ನನ್ನ ಕಡೆ ನೋಡಿದ. ನಾನು ನೀರು ಕುಡಿದೆ.

ಅಳಿಯನಿಗೆ ಅಷ್ಟು ದಿನ ತಮ್ಮ ಕೊಟ್ಟಿದ್ದದ್ದು ಬಾಗಿಲ ಬೀಗ, ಮೀಟರ್, ವೈಪರ್, ಇಂಥ ಕೈಗೆಲಸ. ಲಾರಿಯ ಕೆಳಗೆ ಕಳಿಸಿರಲಿಲ್ಲ. ಹಾಗಾಗಿ ಅವನಿಗೆ ಹೊಟ್ಟೆ ಪಾಠ ಆಗಿರಲಿಲ್ಲ. ಅವನ ಮುಖ ಅರಳಿತು. ಕೊನೆಗೊಂದು ದೊಡ್ಡ ಕೆಲಸ ನಂಬಿ ಕೊಟ್ಟರು ಅಂದುಕೊಂಡ.

ಶುಕ್ರವಾರ ಲಾರಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಸಿದೆವು. ಅವನು ಕೆಳಗೆ ತೂರಿದ. ನಾವು ಗೇಣಲ್ಲಿ ಅಳೆಯುವವರು, ಅವನು ಹಿತ್ತಾಳೆಯ ಕ್ಯಾಲಿಪರ್ ತಂದಿದ್ದ. ಒಂದೊಂದು ಅಂಚನ್ನೂ ಮೂರು ಸಲ ಅಳೆದು, ಚೀಟಿಯಲ್ಲಿ ಬರೆದ. ನಾನು ಪಕ್ಕದಲ್ಲೇ ಕೂತು ಕಡ್ಡಿ ಕಚ್ಚುತ್ತಿದ್ದೆ. ಗಡಿಯಾರದೊಳಗೆ ಚಕ್ರಗಳು ತಿರುಗುತ್ತವೆ, ಆದರೆ ಅವನ್ನು ಹಿಡಿದಿರುವ ತಟ್ಟೆಗಳು ಒಂದರ ಹತ್ತಿರ ಒಂದು ಬರುವುದಿಲ್ಲ. ಬಂದರೆ ಅದು ಗಡಿಯಾರವೇ ಅಲ್ಲ. ಅಪ್ಪನ ಕಾಲದಿಂದ ಅದನ್ನೇ ನೋಡಿದವನಿಗೆ, ಇಷ್ಟು ದಪ್ಪದ ಕಬ್ಬಿಣ ಮೇಲೆ ಕೆಳಗೆ ಆಡುತ್ತದೆ ಅನ್ನುವುದು ಹೇಗೆ ಹೊಳೆಯಬೇಕು?

ಆದರೂ ಅವನು ದಡ್ಡನಲ್ಲ. ಪೆಟ್ಟಿಗೆಯ ತಳಕ್ಕೂ ಆಕ್ಸಲ್ಲಿನ ಗುಂಡಿಗೂ ನಡುವೆ ಪೂರ್ತಿ ಒಂದು ಗೇಣು ಬಿಟ್ಟ. ಹೊರಗೆ ಬಂದು ಕೈ ಒರೆಸಿಕೊಳ್ಳುವಾಗ ಕಪಾಟಿನ ಮೇಲಿನ ಡಬ್ಬಿ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದು, ಮಣ್ಣಿಗೆ ಬೆರಳು ಒತ್ತಿ ನೋಡಿದ.

"ಇದೇನು ದೊಡ್ಡ ಮಾವ? ಹಸಿ ಮಣ್ಣು?"

ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಎಷ್ಟೋ ಯೋಚನೆ ಬಂದವು. ತಮ್ಮನ ಕಿವಿಯಲ್ಲಿ ಹೇಳಿದ ಆ ದಿನ ಬಂತು. ಚಪ್ಪಟೆ ಡಬ್ಬಿ ಬಂತು. ಮಗಳಿಲ್ಲದ, ಟೀ ಇಲ್ಲದ ಸೋಮವಾರದ ಹತ್ತು ಗಂಟೆ ಬಂತು, ಆಮೇಲೆ ಮಂಗಳವಾರದ ಹತ್ತು ಗಂಟೆ, ಬುಧವಾರದ್ದು.

"ಇಲಿ ಬಿಲ ಮುಚ್ಚೋಕೆ" ಎಂದೆ.

"ಇಲಿ ಇದೆಯಾ ಇಲ್ಲಿ?"

"ಇರ್ತವೆ."

ಅವನು ಮುಚ್ಚಳ ಹಾಕಿ, ಬಟ್ಟೆಯನ್ನು ಮೊದಲಿನ ಹಾಗೇ ಸುತ್ತಿಟ್ಟ.

ಪೆಟ್ಟಿಗೆಗೆ ಬೆಸುಗೆ ಹಾಕಿದವನು ನಾನೇ. ಅಷ್ಟು ಒಳ್ಳೆಯ ಬೆಸುಗೆ ನಾನು ಜೀವಮಾನದಲ್ಲಿ ಹಾಕಿಲ್ಲ. ಒಳಗೆ ಅವನು ಕಂಬಳಿ ಹಾಸಿದ, ಟ್ಯೂಬಿನ ರಬ್ಬರು ಅಂಟಿಸಿದ, ಲೇತಿನ ಪೆಟ್ಟಿಗೆ ಅಲುಗಾಡದಂತೆ ನಾಲ್ಕು ಮೂಲೆಗೆ ಮರದ ತುಂಡು ಕೊಟ್ಟ. ಭಾನುವಾರ ಸಂಜೆ ಮಗಳು ಬಂದು ಬಗ್ಗಿ ನೋಡಿದಳು.

"ದೊಡ್ಡಪ್ಪ, ಸರಿಯಾಗಿ ಕೂತಿದೆಯಾ? ನೀನು ಹೇಳಿದ್ರೆ ನನಗೆ ಧೈರ್ಯ."

"ಬೆಸುಗೆ ಗಟ್ಟಿ ಇದೆ ಮಗಳೇ."

ಅದು ಸುಳ್ಳಲ್ಲ. ಅವಳು ನನ್ನ ಭುಜಕ್ಕೆ ತಲೆ ಒರಗಿಸಿ, "ಹಬ್ಬಕ್ಕೆ, ಹುಣ್ಣಿಮೆಗೆ ಅಂತ ಕಾಯಬೇಡ, ಬೇಜಾರಾದಾಗ ಲಾರಿ ಹತ್ತಿ ಬಂದುಬಿಡು. ಅಲ್ಲೂ ಪೇಪರ್ ಬರುತ್ತೆ" ಅಂದಳು. ಆಗಲೂ ಹೊತ್ತಿತ್ತು. ಬಾಯಿ ಇತ್ತು. ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಪೈಪು ಹೇರಿದರು. ಲಾರಿ ಕುಗ್ಗಿತು. ಅಳಿಯ ಕೆಳಗೆ ಬಗ್ಗಿ, ಕೈ ತೂರಿಸಿ, ಎದ್ದು ಬಂದ. ಹಣೆಯಲ್ಲಿ ಸಣ್ಣ ಬೆವರು.

"ಭಾರಕ್ಕೆ ಕೆಳಗೆ ಬಂತು ದೊಡ್ಡ ಮಾವ. ಒಂದು ಗೇಣು ಇದ್ದದ್ದು ನಾಲ್ಕು ಬೆರಳಾಗಿದೆ. ಸಾಕಲ್ವಾ?"

"ನಿಮ್ಮ ಗಡಿಯಾರದಲ್ಲಿ ನಾಲ್ಕು ಬೆರಳು ಅಂದ್ರೆ ಊರಗಲ ಅಲ್ವಾ?" ಅಂದೆ.

ನಾನು ತಮಾಷೆ ಮಾಡಿದ್ದೇ ಮೊದಲ ಸಲ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ನಕ್ಕು, ಬಗ್ಗಿ ನನ್ನ ಕಾಲು ಮುಟ್ಟಿ ಲಾರಿ ಹತ್ತಿದ. ಮಗಳು ಆಗಲೇ ನಡುವೆ ಕೂತು ಕೈಬೀಸುತ್ತಿದ್ದಳು. ಹಿಂದಿನ ಗೇಟು ತೆಗೆದರು. ತಿರುಗಿ ನೋಡಿದರೆ ಗ್ಯಾರೇಜಿನವರೆಲ್ಲ ಟೀ ಲೋಟ ಹಿಡಿದು ಸಾಲಾಗಿ ನಿಂತಿದ್ದಾರೆ. ತಮ್ಮನೂ ಕುರ್ಚಿ ತಂದು ಹಾಕಿಕೊಂಡಿದ್ದ. ಕ್ಯಾಬಿನ್ನಿನ ಕಿಟಕಿಯಿಂದ ಅಳಿಯ ಆ ಸಾಲು ನೋಡಿ, ತನ್ನನ್ನು ಬೀಳ್ಕೊಡಲು ನಿಂತಿದ್ದಾರೆಂದು ತಿಳಿದು, ಎರಡೂ ಕೈ ಎತ್ತಿ ಮುಗಿದ.

ಕೆಮ್ಮಣ್ಣ ಕಾಲುವೆಗೆ ನಿಧಾನವಾಗಿ ಇಳಿಸಲಿಲ್ಲ. ಇಳಿಸಬಾರದು, ಅದೂ ಕಟ್ಟಳೆ. ಮುಂದಿನ ಚಕ್ರ ದಾಟಿತು. ಹಿಂದಿನದು ಧುಮುಕಿತು. ತೆಂಗಿನಕಾಯಿ ಒಡೆದಂತೆ ಒಂದು ಸದ್ದು, ಅದರ ಹಿಂದೆಯೇ ತಗಡು ಮುರುಟುವ ಸದ್ದು. ಲಾರಿ ಆಚೆ ದಡ ಹತ್ತಿ ನಿಂತಿತು.

ಇವರೆಲ್ಲ ಹೋ ಎಂದು ನಕ್ಕರು. ಟೀ ಚೆಲ್ಲುವಷ್ಟು ನಕ್ಕರು. ಕೆಮ್ಮಣ್ಣ ನಗಲು ಹೋಗಿ ಕೆಮ್ಮು ಹತ್ತಿ, ಸ್ಟೀರಿಂಗಿಗೆ ತಲೆ ಆನಿಸಿಕೊಂಡ. "ಗಡಿಯಾರ ಹನ್ನೆರಡು ಹೊಡೀತು!" ಅಂತ ಯಾರೋ ಕೂಗಿದರು.

ಅಳಿಯ ಇಳಿದು ಕೆಳಗೆ ತೂರಿದ. ಬಹಳ ಹೊತ್ತು ಬರಲಿಲ್ಲ. ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ನಗು ತಾನಾಗಿ ಸಣ್ಣದಾಯಿತು. ಊಟದ ಡಬ್ಬಿಯಾಗಿದ್ದರೆ ಇಷ್ಟು ಹೊತ್ತಿಗೆ ಅವನೂ ನಗುತ್ತ ಬಂದಿರುತ್ತಿದ್ದ. ಕೊನೆಗೆ ಕಂಬಳಿಯ ಗಂಟೊಂದನ್ನು ಎದೆಗವಚಿಕೊಂಡು ಬಂದು, ನೆಲದ ಮೇಲಿಟ್ಟು ಬಿಚ್ಚಿದ. ಬೀಡಿನ ಹಾಸು ಎರಡು ತುಂಡು. ನಡುವಿನ ಕಡ್ಡಿ ಬಾಗಿ ಕೊಕ್ಕೆಯಾಗಿತ್ತು. ಬೀಡು ಬೆಸುಗೆ ಹಿಡಿಯುವುದಿಲ್ಲ, ಹಿಡಿದರೂ ಆ ನಯ ಮತ್ತೆ ಬರುವುದಿಲ್ಲ. ಅವನು ಕರವಸ್ತ್ರ ಹಾಸಿ, ಕಂಬಳಿಯ ಎಳೆಗಳಿಂದ ಇರುವೆಯಷ್ಟು ತಿರುಪುಗಳನ್ನು ಒಂದೊಂದಾಗಿ ಆರಿಸತೊಡಗಿದ.

"ಅಯ್ಯಯ್ಯೋ" ಎಂದು ನನ್ನ ತಮ್ಮ ಕುರ್ಚಿಯಿಂದ ಎದ್ದು ಬಂದ. "ಆಕ್ಸಲ್ ಮೇಲೆ ಬರುತ್ತೆ ಅಂತ ಯಾರೂ ಹೇಳ್ಲಿಲ್ವಾ ಅಳಿಯಂದ್ರೇ? ಏನಣ್ಣಾ, ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ? ಪಕ್ಕದಲ್ಲೇ ಕೂತಿದ್ದೆಯಲ್ಲ!"

ಎಲ್ಲರೂ ನನ್ನ ಕಡೆ ತಿರುಗಿದರು. ಮಗಳೂ.

"ಅವರು ಕೇಳ್ಲಿಲ್ಲ" ಎಂದೆ.

ಅಳಿಯ ತಲೆ ಎತ್ತಲಿಲ್ಲ. ತಿರುಪು ಆರಿಸುತ್ತಲೇ ಮೆಲ್ಲಗೆ ಹೇಳಿದ, "ಕೇಳಿದ್ದೆ."

ಅಷ್ಟೇ. ತಮ್ಮ ಅವನ ಬೆನ್ನು ತಟ್ಟಿ, "ಹೋಗ್ಲಿ ಬಿಡಿ, ಇದೂ ನಿಮ್ಮದೇ ಗ್ಯಾರೇಜು. ಏಯ್, ಟ್ರಂಕು ಇಳಿಸ್ರೋ" ಅಂದ.

ಅವರು ಹೋಗಲಿಲ್ಲ. ನನಗೆ ಬೇಕಾದದ್ದು ಆಯಿತು. ಮಂಗಳವಾರ ಹತ್ತು ಗಂಟೆಗೆ ಟೀ ಬಂತು. ಮಗಳು ಲೋಟ ಇಟ್ಟಳು, ಪಕ್ಕದಲ್ಲಿ ಪೇಪರ್ ಇಟ್ಟಳು, ಪೇಪರಿನ ಮೇಲೆ ಅವರಪ್ಪನ ಹಳೇ ಕನ್ನಡಕ ಇಟ್ಟಳು.

"ಓದಲ್ವಾ ಮಗಳೇ?"

"ಕನ್ನಡಕ ತಂದಿದೀನಿ. ನೀವೇ ಓದ್ಕೊಳ್ಳಿ."

ಹುಟ್ಟಿದಾಗಿನಿಂದ ನನ್ನನ್ನು ನೀನು ಅಂದವಳು. ಆ ದಿನದಿಂದ ನೀವು. ದೊಡ್ಡಪ್ಪನಿಗೆ ಎಷ್ಟು ಮರ್ಯಾದೆ ಅಂತ ಮಂದಿ ಹೊಗಳಿದರು.

ತಿಂಗಳಾದ ಮೇಲೆ ಒಂದು ನೀರಿನ ಟ್ಯಾಂಕಿನ ಕೆಲಸ ಬಂತು. ನನ್ನ ತಮ್ಮ ತನ್ನ ಅಳಿಯನಿಗೆ, "ಹೋಗಿ ಅಣ್ಣನ ಕಪಾಟಿಂದ ಜೇಡಿಮಣ್ಣು ತನ್ನಿ, ಜಾಗ ಹೇಗೆ ಅಳೀತಾರೆ ತೋರಿಸ್ತೀನಿ" ಅಂದ. ಅಳಿಯ ಬಂದು ಡಬ್ಬಿ ಇಳಿಸಿದ. ಮುಚ್ಚಳ ತೆಗೆದ. ಅವನು ಅವತ್ತು ಒತ್ತಿದ ಬೆರಳಿನ ಗುರುತು ಮಣ್ಣಿನಲ್ಲಿ ಹಾಗೇ ಇತ್ತು. ಆ ಗುರುತನ್ನು ನೋಡಿದ, ನನ್ನನ್ನು ನೋಡಿದ. ತೆಗೆದುಕೊಂಡು ಹೋದ.

ಈಗ ನನ್ನ ತಮ್ಮ ಹಾಸಿಗೆ ಹಿಡಿದು ಆರು ವರ್ಷ. ಲಕ್ವ ಹೊಡೆದು ಒಂದು ಕೈ, ಒಂದು ಕಾಲು, ನಾಲಿಗೆ ಬಿದ್ದುಹೋಗಿವೆ. ಗ್ಯಾರೇಜು ಅಳಿಯನದು. ನನ್ನ ಕಣ್ಣು ಮಂಜಾಗಿ ಬೆಸುಗೆ ಬಿಟ್ಟೆ. ಅವನು ನನ್ನನ್ನು ಹೊರಗೆ ಹಾಕಲಿಲ್ಲ. ಕೋಣೆಗೆ ಸುಣ್ಣ ಹೊಡೆಸಿದ, ಫ್ಯಾನು ಹಾಕಿಸಿದ. ಇಂಥ ಅಳಿಯ ಯಾರಿಗುಂಟು ಅನ್ನುತ್ತಾರೆ. ಜೇಡಿಮಣ್ಣಿನ ಡಬ್ಬಿಯನ್ನು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದಾನೆ. ದಿನಾ ಬೆಳಿಗ್ಗೆ ತಾನೇ ಬಂದು ಬಟ್ಟೆ ಒದ್ದೆ ಮಾಡಿ ಸುತ್ತುತ್ತಾನೆ.

ಹೊಟ್ಟೆ ಪಾಠವನ್ನು ಅವನು ನಿಲ್ಲಿಸಿಬಿಟ್ಟ. ಹೊಸಬರು ಸೇರಿದ ದಿನವೇ ಎಲ್ಲ ಹೇಳಿಕೊಡುತ್ತಾನೆ. ಹೇಳಿಕೊಡುವ ಮೊದಲು ಒಂದು ಕೆಲಸ ಮಾಡುತ್ತಾನೆ, ಅವರನ್ನು ನನ್ನ ಬಾಗಿಲಿಗೆ ಕರೆತರುತ್ತಾನೆ.

ನಿನ್ನೆಯೂ ಬಂದ. ಜೊತೆಗೆ ಹೊಸ ವೆಲ್ಡರ್ ಒಬ್ಬ, ಮೀಸೆ ನರೆತವನು. ಅವರ ಹಿಂದೆ ಮಗಳು ಟೀ ಲೋಟ ಹಿಡಿದು ನಿಂತಿದ್ದಳು. ಹತ್ತು ಗಂಟೆ.

"ಇವರು ನಮ್ಮ ದೊಡ್ಡ ಮಾವ" ಎಂದ ಅಳಿಯ. "ಲಾರಿ ಅಡಿಯ ಜಾಗ ಅಳೆಯೋದರಲ್ಲಿ ಇವರನ್ನ ಮೀರಿಸಿದವರಿಲ್ಲ. ದೊಡ್ಡ ಮಾವ, ಈ ಡಬ್ಬಿಯಲ್ಲಿರೋದು ಏನಕ್ಕೆ ಅಂತ ಇವರಿಗೆ ಹೇಳಿ."

ಮೊದಮೊದಲು ನಾನು ನಿಜ ಹೇಳುತ್ತಿದ್ದೆ. ಆಕ್ಸಲ್ಲು, ಭಾರ, ಕಾಲುವೆ, ಎಲ್ಲ. ಅವನು ಕೊನೆಯವರೆಗೂ ಕೇಳಿ, ಮೆಲ್ಲಗೆ ತಲೆಯಾಡಿಸಿ, "ಅದಲ್ಲ ದೊಡ್ಡ ಮಾವ, ನನಗೆ ಹೇಳಿದ್ರಲ್ಲ, ಅದು ಹೇಳಿ" ಅನ್ನುತ್ತಿದ್ದ. ಹೇಳುವವರೆಗೂ ನಿಂತಿರುತ್ತಿದ್ದ. ಅವನಿಗೂ ನನ್ನಷ್ಟೇ ತಾಳ್ಮೆ. ಒಂದು ಸಲ ಊಟದ ಹೊತ್ತು ಮೀರುವವರೆಗೂ ನಿಂತಿದ್ದ, ಹೊಸಬನನ್ನೂ ನಿಲ್ಲಿಸಿಕೊಂಡು. ಈಗ ಅವನಿಗೆ ಬೇಕಾದದ್ದನ್ನೇ ಹೇಳಿಬಿಡುತ್ತೇನೆ.

"ಇಲಿ ಬಿಲ ಮುಚ್ಚೋಕೆ" ಎಂದೆ.

ಹೊಸ ವೆಲ್ಡರ್ ನಕ್ಕ, ಮುದುಕನಿಗೆ ಅರಳು ಮರಳು ಅಂದುಕೊಂಡು. ಅಳಿಯ ನಗಲಿಲ್ಲ. "ಬನ್ನಿ, ನಿಜವಾಗಲೂ ಏನಕ್ಕೆ ಅಂತ ತೋರಿಸ್ತೀನಿ" ಎಂದು ಡಬ್ಬಿ ಎತ್ತಿಕೊಂಡು ಅವನನ್ನು ಲಾರಿಯ ಕಡೆ ಕರೆದುಕೊಂಡು ಹೋದ.

ಮಗಳು ಒಳಗೆ ಬಂದು ಲೋಟ ಇಟ್ಟಳು.

"ತಗೊಳ್ಳಿ" ಎಂದಳು. "ಆರಿದೆ."